ದವಡೆಯ ಕೆಳಗಿನ ಲಾಲಾಗ್ರಂಥಿಯನ್ನು ತೆಗೆಸಿದರೆ ಹಾರ್ಮೋನುಗಳು ಏರುಪೇರಾಗುತ್ತವೆಯೇ?

ನಿಮ್ಮ ತಂದೆಯವರಿಗೆ ಎಡ ದವಡೆಯ ಕೆಳಗಿನ ಲಾಲಾಗ್ರಂಥಿಯಲ್ಲಿ, ಅಂದರೆ ಎಂಜಲು ತಯಾರಿಸುವ ಗ್ರಂಥಿಯಲ್ಲಿ, ಕಲ್ಲಾಗಿದೆ, ಊಟಕ್ಕೆ ಕುಳಿತಾಗಲೆಲ್ಲ ಅಲ್ಲಿ ಊದಿಕೊಂಡು ನೋಯುತ್ತದೆ, ಗ್ರಂಥಿಯನ್ನೇ ತೆಗೆಯಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ ಎಂದು ಬರೆದಿದ್ದೀರಿ. ಈ ನಡುವೆ, ಲಾಲಾಗ್ರಂಥಿಯನ್ನು ತೆಗೆದ ಗಂಡು ಇಲಿಗಳಲ್ಲಿ ವೀರ್ಯಾಣುಗಳ ಸಂಖ್ಯೆ ಅರ್ಧಕ್ಕಿಳಿಯಿತು ಎಂಬ ಸಂಶೋಧನೆಯ ಸಾರಾಂಶವನ್ನು ಓದಿ, ಲಾಲಾಗ್ರಂಥಿಯೂ ಥೈರಾಯ್ಡಿನಂತೆ ಹಾರ್ಮೋನು ಸುರಿಸುವ ಗ್ರಂಥಿಯೇ, ಅದನ್ನು ತೆಗೆಸಿದರೆ ಮುಂದೆ ತಂದೆಯವರು ಜೀವನವಿಡೀ ಮಾತ್ರೆ ನುಂಗಬೇಕಾದೀತೇ ಎಂದು ಕೇಳಿದ್ದೀರಿ.

ಬೇಕಾಗುವುದಿಲ್ಲ. ಥೈರಾಯ್ಡನ್ನು ಪೂರ್ತಿಯಾಗಿ ತೆಗೆದವರಿಗೆ ಥೈರಾಕ್ಸಿನ್ ಮಾತ್ರೆ ಕೊಡುವಂತೆ, ಲಾಲಾಗ್ರಂಥಿ ತೆಗೆದವರಿಗೆ ಕೊಡಬೇಕಾದ ಹಾರ್ಮೋನು ಯಾವುದೂ ಇಲ್ಲ. ಆದರೆ ನೀವು ಓದಿದ ಸಂಶೋಧನೆ ಸುಳ್ಳೂ ಅಲ್ಲ. ಇವೆರಡೂ ಹೇಗೆ ಏಕಕಾಲಕ್ಕೆ ನಿಜವಾಗುತ್ತವೆ ಎಂಬುದನ್ನು ಬಿಡಿಸಿ ಹೇಳದಿದ್ದರೆ ನಿಮ್ಮ ಆತಂಕ ಹೋಗುವುದಿಲ್ಲ ಎಂದು ನನಗೆ ಅನಿಸುತ್ತದೆ. ನಾನು ವೈದ್ಯಕೀಯ ಕಾಲೇಜಿನಲ್ಲಿ ಶರೀರಕ್ರಿಯಾಶಾಸ್ತ್ರವನ್ನು ಕಲಿಸಿ ನಿವೃತ್ತನಾದವನು. ಸ್ನಾತಕೋತ್ತರ ವಿದ್ಯಾರ್ಥಿಯಾಗಿದ್ದಾಗ ಇಲಿಗಳ ಮೇಲೆ ಇದೇ ಶಸ್ತ್ರಕ್ರಿಯೆಯನ್ನು ನನ್ನ ಕೈಯಿಂದಲೇ ಮಾಡಿದ್ದೇನೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಒಂದು ಅಂಗವು ರಕ್ತಕ್ಕೆ ಏನನ್ನೋ ಸೇರಿಸುತ್ತಿದೆ ಎಂದು ತೋರಿಸುವ ಹಳೆಯ ವಿಧಾನವೆಂದರೆ, ಅದನ್ನು ತೆಗೆದು ನೋಡುವುದು ಮತ್ತು ಮರಳಿ ಕೊಟ್ಟು ನೋಡುವುದು. ತೆಗೆದರೆ ಏನಾಗುತ್ತದೆ ಎಂಬುದು ಹೋರಿಯ ಬೀಜ ಒಡೆಸಿ ಎತ್ತು ಮಾಡುವ ನಮ್ಮ ರೈತರಿಗೆ ತಲೆತಲಾಂತರದಿಂದ ಗೊತ್ತಿದ್ದ ಸಂಗತಿಯೇ. ಮರಳಿ ಕೊಟ್ಟರೆ ಏನಾಗುತ್ತದೆ ಎಂಬುದನ್ನು 1849ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಬರ್ಟೋಲ್ಡ್ ಎಂಬವರು ಆರು ಹುಂಜಗಳಲ್ಲಿ ತೋರಿಸಿದರು. ವೃಷಣ ತೆಗೆದ ಹುಂಜಗಳ ಕೆಂಪು ಜುಟ್ಟು ಸೊರಗಿತು, ಅವು ಕೂಗುವುದನ್ನೂ ಕಾದಾಡುವುದನ್ನೂ ಬಿಟ್ಟವು. ತೆಗೆದ ವೃಷಣವನ್ನು ಹೊಟ್ಟೆಯೊಳಗೆ ಬೇರೆ ಕಡೆ ನೆಟ್ಟ ಹುಂಜಗಳು ಮಾತ್ರ ಮಾಮೂಲಿನಂತೆ ಬೆಳೆದವು. ಅಲ್ಲಿ ಹಳೆಯ ನರಗಳ ಸಂಪರ್ಕ ಉಳಿದಿರಲಿಲ್ಲವಾದ್ದರಿಂದ ಸಂದೇಶ ರಕ್ತದ ಮೂಲಕವೇ ಹೋಗಿರಬೇಕು ಎಂದಾಯಿತು. ಹಾರ್ಮೋನು ಎಂಬ ಹೆಸರನ್ನು ಲಂಡನ್ನಿನ ಸ್ಟಾರ್ಲಿಂಗ್ ಬಳಕೆಗೆ ತಂದದ್ದು 1905ರಲ್ಲಿ. ಹೆಸರಿಗಿಂತ ಅರ್ಧ ಶತಮಾನಕ್ಕೂ ಮೊದಲೇ ಪ್ರಯೋಗದ ಮಾದರಿ ಸಿದ್ಧವಾಗಿತ್ತು.

ಲಾಲಾಗ್ರಂಥಿಯಾದರೋ ಇದಕ್ಕೆ ಎದುರಾದ ಗುಂಪಿನದು. ಅದಕ್ಕೆ ನಾಳವಿದೆ, ಅದು ತಯಾರಿಸಿದ್ದು ನಾಳದ ಮೂಲಕ ಬಾಯಿಗೆ ಬರುತ್ತದೆ. ದವಡೆಯ ಕೆಳಗಿನ ಗ್ರಂಥಿಯ ನಾಳವನ್ನು 1656ರಲ್ಲಿ ವಾರ್ಟನ್ ವಿವರಿಸಿದರು. ಕಿವಿಯ ಮುಂದಿನ ಗ್ರಂಥಿಯ ನಾಳವನ್ನು 1660ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆಯೊಂದನ್ನು ಕೊಯ್ಯುತ್ತಿದ್ದಾಗ ಸ್ಟೆನ್ಸೆನ್ ಕಂಡರು. ಎರಡು ನಾಳಗಳಿಗೂ ಇಂದಿಗೂ ಅವರವರ ಹೆಸರೇ ಇದೆ. ಎಂಜಲು ಸುರಿಯಬೇಕೆಂಬ ಆಜ್ಞೆ ಬರುವುದೂ ಮುಖ್ಯವಾಗಿ ನರಗಳಿಂದ, ಹಾರ್ಮೋನಿನಿಂದಲ್ಲ. ಹುಣಿಸೆಹಣ್ಣನ್ನು ನೆನೆದ ಕ್ಷಣದಲ್ಲೇ ಬಾಯಲ್ಲಿ ನೀರೂರುವುದು ಅದಕ್ಕಾಗಿಯೇ. ಹೀಗಿರುವಾಗ ಈ ಗ್ರಂಥಿ ಹಾರ್ಮೋನು ಸಂಶೋಧನೆಯ ನಡುಮನೆಗೆ ಬಂದದ್ದಾದರೂ ಹೇಗೆ?

ಬಂದದ್ದು ಮೌಸ್ ಎಂಬ ಪುಟ್ಟ ಇಲಿಯ ಮೂಲಕ. 1940ರಲ್ಲಿ ಫ್ರಾನ್ಸಿನ ಲಕಸಾನ್ಯ್, ಗಂಡಿಲಿಯ ದವಡೆಗ್ರಂಥಿಗೂ ಹೆಣ್ಣಿಲಿಯ ದವಡೆಗ್ರಂಥಿಗೂ ಸೂಕ್ಷ್ಮದರ್ಶಕದಲ್ಲಿ ಎದ್ದು ಕಾಣುವ ವ್ಯತ್ಯಾಸವಿದೆ ಎಂದು ವರದಿ ಮಾಡಿದರು. ಗಂಡಿಲಿಯಲ್ಲಿ ಕಣಗಳು ತುಂಬಿದ, ಸುರುಳಿಸುರುಳಿಯಾದ ಕೊಳವೆಗಳು ದಪ್ಪನಾಗಿ ಬೆಳೆದಿರುತ್ತವೆ. ಅದರ ವೃಷಣವನ್ನು ತೆಗೆದರೆ ಆ ಕೊಳವೆಗಳು ಕುಗ್ಗುತ್ತವೆ. ಹೆಣ್ಣಿಲಿಗೆ ವೃಷಣದ ಹಾರ್ಮೋನಾದ ಟೆಸ್ಟೊಸ್ಟಿರಾನ್ ಚುಚ್ಚಿದರೆ ಅದರ ಗ್ರಂಥಿಯೂ ಗಂಡಿನ ಗ್ರಂಥಿಯಂತಾಗುತ್ತದೆ. ಅಂದರೆ ಹಾರ್ಮೋನಿನ ಮಾತನ್ನು ಕೇಳುವ ಲಾಲಾಗ್ರಂಥಿಯೊಂದು ಸಿಕ್ಕಿತು. ಆ ಕೊಳವೆಗಳೊಳಗಿನ ಕಣಗಳಲ್ಲಿ ಏನಿದೆ ಎಂಬುದು ಮಾತ್ರ ಇನ್ನೂ ಹಲವು ವರ್ಷ ತಿಳಿಯಲಿಲ್ಲ.

ತಿಳಿದ ಬಗೆ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ. 1950ರ ದಶಕದಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ರೀಟಾ ಲೆವಿ ಮೊಂಟಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್, ನರಗಳನ್ನು ಬೆಳೆಸುವ ವಸ್ತುವೊಂದನ್ನು ಇಲಿಯ ಗಡ್ಡೆಯಿಂದ ಬೇರ್ಪಡಿಸಲು ಯತ್ನಿಸುತ್ತಿದ್ದರು. ಅದು ಪ್ರೋಟೀನೋ ನ್ಯೂಕ್ಲಿಯಿಕ್ ಆಮ್ಲವೋ ಎಂದು ತಿಳಿಯುವುದಕ್ಕಾಗಿ, ನ್ಯೂಕ್ಲಿಯಿಕ್ ಆಮ್ಲವನ್ನು ಒಡೆಯುವ ಕಿಣ್ವವಿರುವ ಹಾವಿನ ವಿಷವನ್ನು ಅದಕ್ಕೆ ಬೆರೆಸಿದರು. ನರಗಳ ಬೆಳವಣಿಗೆ ನಿಲ್ಲುವ ಬದಲು ಇಮ್ಮಡಿಸಿತು; ಏಕೆಂದರೆ ತಾವು ಹುಡುಕುತ್ತಿದ್ದ ವಸ್ತು ಆ ವಿಷದಲ್ಲೇ ಗಡ್ಡೆಗಿಂತ ಎಷ್ಟೋ ಪಾಲು ಹೆಚ್ಚಾಗಿತ್ತು. ಹಾವಿನ ವಿಷಗ್ರಂಥಿಗೂ ಸಸ್ತನಿಗಳ ಲಾಲಾಗ್ರಂಥಿಗೂ ನೆಂಟಸ್ತಿಕೆಯಿದೆ ಎಂದು ನೆನೆದ ಕೊಹೆನ್ ಇಲಿಯ ದವಡೆಗ್ರಂಥಿಯನ್ನು ಅರೆದು ನೋಡಿದರು. ಅಲ್ಲಿ ಅದು ಹೇರಳವಾಗಿ ಸಿಕ್ಕಿತು. ಅದೇ ಗ್ರಂಥಿಯ ಕಚ್ಚಾ ಸಾರವನ್ನು ಹಸುಗೂಸು ಇಲಿಗಳಿಗೆ ಚುಚ್ಚಿದಾಗ ಅವು ಹುಟ್ಟಿ ಎರಡು ವಾರಕ್ಕೆ ತೆರೆಯಬೇಕಾದ ಕಣ್ಣನ್ನು ಒಂದೇ ವಾರಕ್ಕೆ ತೆರೆದವು, ಹಲ್ಲುಗಳೂ ಬೇಗ ಮೂಡಿದವು. ಅದರ ಕಾರಣವನ್ನು ಬೆನ್ನುಹತ್ತಿ ಕೊಹೆನ್ 1962ರಲ್ಲಿ ಇನ್ನೊಂದು ವಸ್ತುವನ್ನು ಬೇರ್ಪಡಿಸಿದರು. ಚರ್ಮದ ಹೊರಪದರದ ಕೋಶಗಳನ್ನು ಬೆಳೆಸುವ ಅದನ್ನು ಈಗ ಇಜಿಎಫ್ ಎನ್ನುತ್ತಾರೆ, ನರಗಳನ್ನು ಬೆಳೆಸುವುದನ್ನು ಎನ್‌ಜಿಎಫ್ ಎನ್ನುತ್ತಾರೆ. ಇಬ್ಬರಿಗೂ 1986ರಲ್ಲಿ ನೊಬೆಲ್ ಬಂತು.

ನೀವು ಓದಿದ ಸಂಶೋಧನೆ ಬರುವುದು ಇಲ್ಲಿ. ಗಂಡಿಲಿಯ ದವಡೆಗ್ರಂಥಿಯಲ್ಲಿ ಇಷ್ಟೊಂದು ಇಜಿಎಫ್ ಇದ್ದರೆ, ಅದರಲ್ಲಿ ಸ್ವಲ್ಪವಾದರೂ ರಕ್ತಕ್ಕೆ ಸೇರಿ ದೂರದ ಅಂಗಗಳನ್ನು ಮುಟ್ಟುತ್ತಿರಬಹುದೇ ಎಂಬ ಪ್ರಶ್ನೆ ಸಹಜವಾಗಿ ಹುಟ್ಟಿತು. ಅದೇ 1986ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಗಂಡಿಲಿಗಳ ದವಡೆಗ್ರಂಥಿಯನ್ನು ತೆಗೆದಾಗ ರಕ್ತದಲ್ಲಿ ಇಜಿಎಫ್ ಅಳತೆಗೆ ಸಿಗದಷ್ಟು ಇಳಿಯಿತು, ಬಲಿತ ವೀರ್ಯಾಣುಗಳು ಶೇ. 55ರವರೆಗೆ ಕಡಿಮೆಯಾದವು. ಟೆಸ್ಟೊಸ್ಟಿರಾನ್ ಮಾತ್ರ ಇಳಿಯಲಿಲ್ಲ. ಹೊರಗಿನಿಂದ ಇಜಿಎಫ್ ಕೊಟ್ಟಾಗ ಸಂಖ್ಯೆ ಮತ್ತೆ ಏರಿತು. ತೆಗೆದು ನೋಡಿದ್ದೂ ಆಯಿತು, ಮರಳಿ ಕೊಟ್ಟು ನೋಡಿದ್ದೂ ಆಯಿತು; ಬರ್ಟೋಲ್ಡ್ ಅವರ ಮಾದರಿಗೆ ಸರಿಯಾಗಿ ಹೊಂದುವ ಕೆಲಸವದು. ಅದೇ ವರ್ಷ ಲೆವಿ ಮೊಂಟಲ್ಚಿನಿ ಮತ್ತು ಜೊತೆಗಾರರು, ಗಂಡಿಲಿಗಳು ಕಾದಾಡಿದ ಮೇಲೆ ಅವುಗಳ ದವಡೆಗ್ರಂಥಿಯಿಂದ ಎನ್‌ಜಿಎಫ್ ರಕ್ತಕ್ಕೆ ನುಗ್ಗುತ್ತದೆ ಎಂದೂ ತೋರಿಸಿದರು. ಇಲಿಯ ಮಟ್ಟಿಗೆ ಈ ಗ್ರಂಥಿಗೆ ಹಾರ್ಮೋನು ಗ್ರಂಥಿಯ ಗುಣವೂ ಇದೆ ಎಂದು ಒಪ್ಪಿಕೊಳ್ಳಲು ನನಗೆ ಹಿಂಜರಿಕೆಯಿಲ್ಲ. ಆದರೆ ವೀರ್ಯಾಣುಗಳ ಕುರಿತ ಫಲಿತಾಂಶ ಮುಂದೆ ಬೇರೆಯವರ ಕೈಯಲ್ಲಿ ಪ್ರತಿ ಸಲವೂ ಹಾಗೆಯೇ ಬರಲಿಲ್ಲ.

ಅದು ಏಕೆ ಹಾಗಾಗುತ್ತದೆ ಎಂಬುದಕ್ಕೆ ನನ್ನದೇ ಅನುಭವವನ್ನು ಹೇಳುತ್ತೇನೆ. ಇಲಿಯ ಶಸ್ತ್ರಕ್ರಿಯೆ ನೋಡಲು ಸುಲಭ. ಅರಿವಳಿಕೆ ಕೊಟ್ಟು ಅಂಗಾತ ಮಲಗಿಸಿ, ಕುತ್ತಿಗೆಯ ನಡುವೆ ಉದ್ದಕ್ಕೆ ಚರ್ಮ ಬಿಡಿಸಿದರೆ ಎರಡೂ ಕಡೆಯ ಗ್ರಂಥಿಗಳು ಕಣ್ಣಿಗೆ ಬೀಳುತ್ತವೆ. ಹಿಂದೆಯೇ ಶ್ವಾಸನಾಳವಿರುವುದರಿಂದ ಮೆಲ್ಲಗೆ ಎತ್ತಿ, ನಾಳಕ್ಕೂ ರಕ್ತನಾಳಗಳಿಗೂ ಗಂಟು ಹಾಕಿ ಕತ್ತರಿಸಬೇಕು. ನಾಲಿಗೆಯ ಕೆಳಗಿನ ಗ್ರಂಥಿಯೂ ಅದೇ ಹೊದಿಕೆಯೊಳಗೆ ಅಂಟಿಕೊಂಡಿರುವುದರಿಂದ ಸಾಮಾನ್ಯವಾಗಿ ಅದೂ ಜೊತೆಗೇ ಹೊರಬರುತ್ತದೆ, ಅಂದರೆ ನಾವು ತೆಗೆಯುವುದು ಒಂದನ್ನಲ್ಲ, ಎರಡನ್ನು. ಹೋಲಿಕೆಗಾಗಿ ಇನ್ನೊಂದು ಗುಂಪಿನ ಇಲಿಗಳಿಗೂ ಅದೇ ಅರಿವಳಿಕೆ ಕೊಟ್ಟು, ಅಷ್ಟೇ ಕೊಯ್ದು, ಗ್ರಂಥಿಯನ್ನು ಮುಟ್ಟಿ ಹಾಗೆಯೇ ಒಳಗಿಟ್ಟು ಹೊಲಿಯಬೇಕು; ಇಲ್ಲವಾದರೆ ಕಂಡ ಬದಲಾವಣೆ ಗ್ರಂಥಿ ಹೋದದ್ದರಿಂದಲೋ ಗಾಯದ ನೋವಿನಿಂದಲೋ ಎಂದು ಹೇಳಲಾಗದು. ನಾನು ಇದೆಲ್ಲವನ್ನೂ ಮಾಡಿದ್ದೆ. ಕೆಲವು ವಾರಗಳ ನಂತರ ಗ್ರಂಥಿ ತೆಗೆದ ಇಲಿಗಳ ತೂಕ ಹಿಂದೆ ಬಿತ್ತು. ಬೆಳವಣಿಗೆಯ ವಸ್ತು ಇಲ್ಲದ ಕಾರಣ ಬೆಳವಣಿಗೆ ಕುಂಠಿತವಾಯಿತು ಎಂದು ನಾನು ಸಂಭ್ರಮದಿಂದ ಬರೆದುಕೊಂಡು ಹೋದಾಗ ನನ್ನ ಮಾರ್ಗದರ್ಶಕರು ಕೇಳಿದ್ದು ಒಂದೇ ಮಾತು: “ಅವು ತಿಂದದ್ದೆಷ್ಟು?”

ನಾನು ಅಳೆದಿರಲಿಲ್ಲ. ಅಳೆದಾಗ ತಿಳಿಯಿತು. ಪಂಜರದಲ್ಲಿ ಹಾಕುತ್ತಿದ್ದ ಗಟ್ಟಿ ಒಣ ಉಂಡೆಗಳನ್ನು ಎಂಜಲು ಸಾಲದ ಬಾಯಿಂದ ನುಂಗಲಾಗದೆ ಅವು ತುತ್ತಿಗೊಂದು ಗುಟುಕು ನೀರು ಕುಡಿಯುತ್ತಿದ್ದವು, ಕಡಿಮೆ ತಿನ್ನುತ್ತಿದ್ದವು. ಉಂಡೆಗಳನ್ನು ನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಕೊಟ್ಟಮೇಲೆ ತೂಕದ ವ್ಯತ್ಯಾಸದಲ್ಲಿ ಬಹುಪಾಲು ಅಳಿಸಿಹೋಯಿತು. ಅರೆಹೊಟ್ಟೆಯ ಪ್ರಾಣಿಯಲ್ಲಿ ಸಂತಾನಶಕ್ತಿಯೂ ಕುಗ್ಗುತ್ತದೆ ಎಂಬುದನ್ನು ನೆನಪಿಟ್ಟರೆ, ಗ್ರಂಥಿ ತೆಗೆದ ಇಲಿಯಲ್ಲಿ ಕಂಡದ್ದೆಲ್ಲವನ್ನೂ ಹಾರ್ಮೋನಿನ ಲೆಕ್ಕಕ್ಕೆ ಬರೆಯುವ ಮೊದಲು ಎಷ್ಟು ಎಚ್ಚರ ಬೇಕು ಎಂಬುದು ನಿಮಗೆ ಅರ್ಥವಾಗುತ್ತದೆ. ಇಲಿಯ ಗಾಯಗಳ ಕಥೆಯೂ ಹೀಗೆಯೇ. ಲಾಲಾಗ್ರಂಥಿ ತೆಗೆದ ಇಲಿಗಳ ಗಾಯ ನಿಧಾನವಾಗಿ ಮುಚ್ಚಿಕೊಳ್ಳುತ್ತದೆ ಎಂದು 1979ರಲ್ಲಿ ತೋರಿಸಿದ್ದಾರೆ, ಆದರೆ ಅಲ್ಲಿ ಕೆಲಸ ಮಾಡುವುದು ಇಲಿಗಳು ಗಾಯವನ್ನು ನೆಕ್ಕಿದಾಗ ಹತ್ತುವ ಎಂಜಲು.

ಈಗ ಮನುಷ್ಯನ ವಿಷಯ. ಗಂಡಿಲಿಯಲ್ಲಿ ಇಜಿಎಫ್ ತುಂಬಿಕೊಂಡಿರುವ ಆ ಸುರುಳಿ ಕೊಳವೆಗಳು ಮನುಷ್ಯನ ದವಡೆಗ್ರಂಥಿಯಲ್ಲಿ ಇಲ್ಲವೇ ಇಲ್ಲ. ನಮ್ಮ ಎಂಜಲಿನಲ್ಲೂ ಇಜಿಎಫ್ ಇದೆ, ಬಾಯಿ ಮತ್ತು ಅನ್ನನಾಳದ ಒಳಪದರವನ್ನು ಕಾಪಾಡಲು ನೆರವಾಗುತ್ತದೆ, ಆದರೆ ಇಲಿಗೆ ಹೋಲಿಸಿದರೆ ಅದು ಅತ್ಯಲ್ಪ. ನಮ್ಮ ರಕ್ತದ ಇಜಿಎಫ್ ಬಹುಪಾಲು ಕಿರುಬಿಲ್ಲೆಗಳಲ್ಲಿ, ಅಂದರೆ ಪ್ಲೇಟ್‌ಲೆಟ್‌ಗಳಲ್ಲಿ ಕೂತಿರುತ್ತದೆ. ಮೂತ್ರಪಿಂಡವೂ ಅದನ್ನು ತಯಾರಿಸುತ್ತದೆ. ಇಲಿಯಲ್ಲಿ ತೆಗೆದದ್ದು ಎರಡೂ ಪಕ್ಕದ ಗ್ರಂಥಿಗಳನ್ನು, ನಿಮ್ಮ ತಂದೆಯವರಿಗೆ ತೆಗೆಯಬೇಕೆಂದಿರುವುದು ಒಂದು ಪಕ್ಕದ್ದನ್ನು. ಅದೂ ಕಲ್ಲು ಕಟ್ಟಿ, ಮತ್ತೆ ಮತ್ತೆ ಸೋಂಕಾಗಿ ಬಹುಶಃ ಈಗಾಗಲೇ ಅರ್ಧ ಕೆಲಸ ನಿಲ್ಲಿಸಿರುವ ಗ್ರಂಥಿಯನ್ನು.

ಎಂಜಲಿನಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನಿನ ಪರೀಕ್ಷೆ ಮಾಡುತ್ತಾರಲ್ಲ, ಹಾಗಾದರೆ ಲಾಲಾಗ್ರಂಥಿ ಹಾರ್ಮೋನು ತಯಾರಿಸುತ್ತದೆ ಎಂದಾಗಲಿಲ್ಲವೇ ಎಂದು ಬೇರೊಬ್ಬರು ಇದೇ ಪ್ರಶ್ನೆಯ ಕೆಳಗೆ ಕೇಳಿದ್ದಾರೆ. ಇಲ್ಲ. ಕಾರ್ಟಿಸಾಲ್ ತಯಾರಾಗುವುದು ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಲ್ಲಿ. ರಕ್ತದಲ್ಲಿ ಪ್ರೋಟೀನಿಗೆ ಅಂಟಿಕೊಳ್ಳದೆ ಬಿಡಿಯಾಗಿರುವ ಪಾಲು ಮಾತ್ರ ಎಂಜಲಿಗೆ ಸೋಸಿ ಬರುತ್ತದೆ, ದೇಹಕ್ಕೆ ತಟ್ಟುವುದೂ ಆ ಬಿಡಿ ಪಾಲೇ. ಆದ್ದರಿಂದ ಕಾರ್ಟಿಸಾಲ್ ಅತಿಯಾಗುವ ಕುಷಿಂಗ್ ಕಾಯಿಲೆಯ ಶಂಕೆಯಿದ್ದಾಗ ನಡುರಾತ್ರಿಯ ಎಂಜಲನ್ನು ಪರೀಕ್ಷಿಸುತ್ತಾರೆ.

ಹಾರ್ಮೋನಿನ ಚಿಂತೆಯನ್ನು ಬದಿಗಿಟ್ಟು ನೀವು ನಿಜವಾಗಿ ವಿಚಾರಿಸಬೇಕಾದದ್ದು ಬೇರೆ ಇದೆ. ಲಾಲಾಗ್ರಂಥಿಗಳ ಕಲ್ಲುಗಳಲ್ಲಿ ಸುಮಾರು ಶೇ. 80 ಆಗುವುದು ಈ ದವಡೆಗ್ರಂಥಿಯಲ್ಲೇ, ಏಕೆಂದರೆ ಇದರ ರಸ ಹೆಚ್ಚು ಮಂದ, ನಾಳ ಉದ್ದ, ಅದು ಮೇಲ್ಮುಖವಾಗಿ ಹರಿಯಬೇಕು. ಕಲ್ಲು ನಾಳದ ಮುಂಭಾಗದಲ್ಲಿದ್ದರೆ ಬಾಯೊಳಗಿನಿಂದಲೇ ಸಣ್ಣಗೆ ಕೊಯ್ದು ತೆಗೆಯಬಹುದು. ಒಂದು ಮಿಲಿಮೀಟರಿನ ಆಸುಪಾಸು ದಪ್ಪದ ಕ್ಯಾಮೆರಾವನ್ನು ನಾಳದೊಳಗೆ ತೂರಿಸಿ ಕಲ್ಲನ್ನು ಹಿಡಿದೆಳೆಯುವ ತಂತ್ರವೂ ಈಗ ದೊಡ್ಡ ಊರುಗಳಲ್ಲಿ ಲಭ್ಯವಿದೆ. ಕಲ್ಲು ಗ್ರಂಥಿಯ ಒಳಗೇ ಆಳದಲ್ಲಿದ್ದು ಸೋಂಕು ಮರುಕಳಿಸುತ್ತಿದ್ದರೆ ಮಾತ್ರ ಇಡೀ ಗ್ರಂಥಿಯನ್ನು ತೆಗೆಯುವ ಮಾತು ಬರುತ್ತದೆ. ಹಾಗೆ ತೆಗೆಯುವಾಗ ಮೂರು ನರಗಳನ್ನು ಉಳಿಸಿಕೊಳ್ಳಬೇಕು: ಕೆಳತುಟಿಯ ಮೂಲೆಯನ್ನು ಕೆಳಗೆಳೆಯುವುದೊಂದು, ನಾಲಿಗೆಯ ಸ್ಪರ್ಶ ಮತ್ತು ರುಚಿಯದೊಂದು, ನಾಲಿಗೆಯನ್ನು ಆಡಿಸುವುದೊಂದು. ದವಡೆಯ ಮೂಳೆಯ ಅಂಚಿನಲ್ಲಿ ಕೊಯ್ಯದೆ ಎರಡು ಬೆರಳು ಕೆಳಗೆ ಕೊಯ್ಯುವುದು ಮೊದಲನೆಯ ನರವನ್ನು ಕಾಪಾಡುವುದಕ್ಕಾಗಿ. ಈ ಮೂರರ ಬಗ್ಗೆ ಶಸ್ತ್ರಚಿಕಿತ್ಸಕರನ್ನು ನೇರವಾಗಿ ಕೇಳಿ. ಕೇಳಿದ್ದಕ್ಕೆ ಒಳ್ಳೆಯ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯೇನಾದರೂ ತಂದೆಯವರು ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮರೆಯದೆ ಹೇಳಿ.

ಒಂದು ಗ್ರಂಥಿ ಹೋದರೂ ದೊಡ್ಡವು ಐದು ಉಳಿಯುತ್ತವೆ, ತುಟಿ ಕೆನ್ನೆ ಅಂಗುಳಗಳಲ್ಲಿ ಚಿಕ್ಕವು ನೂರಾರು ಇರುತ್ತವೆ. ಆದ್ದರಿಂದ ಬಾಯಿ ಒಣಗುವ ತೊಂದರೆ ಹೆಚ್ಚಿನವರಿಗೆ ಕಾಣುವುದಿಲ್ಲ. ಕಲ್ಲು ನಾಳದಲ್ಲಿದೆಯೋ ಗ್ರಂಥಿಯೊಳಗಿದೆಯೋ ಎಂಬುದನ್ನು ನೀವು ಬರೆದಿಲ್ಲ. ಸ್ಕ್ಯಾನ್ ವರದಿಯಲ್ಲಿ ಅದು ಇರುತ್ತದೆ. ಹೆಸರು ವಿವರಗಳನ್ನು ಬಿಟ್ಟು ಆ ಸಾಲನ್ನಷ್ಟೇ ಇಲ್ಲಿ ಬರೆದರೆ, ವೈದ್ಯರಲ್ಲಿ ಮುಂದೆ ಏನು ಕೇಳಬೇಕು ಎಂಬುದನ್ನು ಇನ್ನೂ ಸ್ಪಷ್ಟವಾಗಿ ಹೇಳುತ್ತೇನೆ.