ಏಳಡಿಯೋ, ಆರಡಿ ಎಂಟಿಂಚೋ?

ಓದುಗರೊಬ್ಬರು ಬರೆದ ಪತ್ರದ ಸಾರ ಇದು: “ನನ್ನ ಹತ್ತಿರ 2004ರ ಯಮಾಹಾ ಸೂಪರ್‌ಜೆಟ್, ಅಂದರೆ ನಿಂತು ಓಡಿಸುವ ಜೆಟ್ ಸ್ಕೀ, ಇದೆ. 701 ಸಿಸಿ ಇಂಜಿನ್, ಕಂಪನಿಯಿಂದ ಬಂದ ಹಾಗೇ ಇದೆ. ನನ್ನ ತೂಕ 92 ಕೆಜಿ. ಅಲೆಯಿಲ್ಲದ ನೀರಿನಲ್ಲಿ ಬ್ಯಾಕ್‌ಫ್ಲಿಪ್ (ಸ್ಕೀ ಸಮೇತ ಹಿಂದಕ್ಕೆ ಲಾಗ) ಹೊಡೆಯಬೇಕು ಅಂತ ಆಸೆ. ಆಗಾಗ ಸಮುದ್ರಕ್ಕೂ ಇಳಿಯುತ್ತೇನೆ. ಹೊಸ ಫ್ರೀಸ್ಟೈಲ್ ಹಲ್ (ಕಸರತ್ತಿಗೆಂದೇ ಮಾಡಿದ ಸ್ಕೀಯ ಒಡಲು) ಕೊಂಡು, ಈ ಇಂಜಿನ್ನನ್ನೇ ಅದಕ್ಕೆ ಕೂರಿಸುವ ಯೋಚನೆ. ಎಷ್ಟು ಗಿಡ್ಡದು ಸಿಗುತ್ತೋ ಅಷ್ಟು ಗಿಡ್ಡದು ತಗೋ ಅನ್ನುತ್ತಾರೆ ಗೆಳೆಯರು. 6 ಅಡಿ 8 ಇಂಚಿನದು ತಗೊಳ್ಳಲೋ, 7 ಅಡಿಯದೋ? ಇಲ್ಲಾ, ಇರುವುದನ್ನೇ ಕತ್ತರಿಸಿ ಗಿಡ್ಡ ಮಾಡಿಕೊಳ್ಳಲೋ?”

ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ, ಕಾರಣ ಆಮೇಲೆ. 6 ಅಡಿ 8 ಇಂಚಿನದು ನಿಮಗೆ ಬೇಡ. 7 ಅಡಿಗೂ 7 ಅಡಿ 2 ಇಂಚಿಗೂ ನಡುವೆ ಹುಡುಕಿ, ಟ್ರೇ ಭಾಗ, ಅಂದರೆ ಸವಾರ ನಿಲ್ಲುವ ಹಿಂದಿನ ಜಾಗ, ಅಗಲವಾಗಿರಲಿ. ಇರುವುದನ್ನು ಕತ್ತರಿಸುವ ವಿಚಾರ ಸದ್ಯಕ್ಕೆ ಪಕ್ಕಕ್ಕಿಡಿ.

ನಿಮ್ಮ ಗೆಳೆಯರು ಹೇಳಿದ್ದು ಪೂರ್ತಿ ಸುಳ್ಳಲ್ಲ. ಉದ್ದ ಏಣಿ ಹೊತ್ತುಕೊಂಡು ಗಕ್ಕನೆ ಹಿಂದಕ್ಕೆ ತಿರುಗಲು ಹೋದವರಿಗೆ ಗೊತ್ತು, ಭಾರಕ್ಕಿಂತ ಉದ್ದವೇ ಜಾಸ್ತಿ ಕಾಡುತ್ತದೆ. ಸ್ಕೀ ಕಥೆಯೂ ಅಷ್ಟೇ. ಗಾಳಿಯಲ್ಲಿ ತಿರುಗಿಸಲು ಬೇಕಾಗುವ ಬಲ ಉದ್ದದ ವರ್ಗಕ್ಕೆ ತಕ್ಕಂತೆ ಏರುತ್ತದೆ. ನಿಮ್ಮ ಸೂಪರ್‌ಜೆಟ್‌ನ ಉದ್ದ 2.24 ಮೀಟರ್, ಅಂದರೆ ಹತ್ತಿರ ಹತ್ತಿರ 7 ಅಡಿ 4 ಇಂಚು. ಅದನ್ನು 6 ಅಡಿ 8 ಇಂಚಿಗೆ ಇಳಿಸಿದರೆ ಉದ್ದದಲ್ಲಿ ಶೇಕಡಾ 9 ಕಡಿಮೆ. ತೂಕ ಅಷ್ಟೇ ಇದ್ದು, ಉದ್ದಕ್ಕೂ ಸಮನಾಗಿ ಹರಡಿದ್ದರೆ, ತಿರುಗಿಸುವ ಕಷ್ಟ ಶೇಕಡಾ 17ರಷ್ಟು ಕಡಿಮೆ. ಆದರೆ ಸ್ಕೀಯಲ್ಲಿ ಇಂಜಿನ್ ನಡುಭಾಗದಲ್ಲಿ ಕೂತಿರುತ್ತದೆ, ತೂಕದ ದೊಡ್ಡ ಪಾಲು ಅಲ್ಲೇ. ಹಾಗಾಗಿ ಪೂರ್ತಿ 17 ಕೈಗೆ ಸಿಗುವುದಿಲ್ಲ. ಸಿಗುವಷ್ಟು ಲಾಭ ಮಾತ್ರ ನಿಜವಾದದ್ದು. ಗಿಡ್ಡ ಹಲ್‌ಗಳ ಹಿಂದೆ ಜನ ಬಿದ್ದಿರುವುದು ಸುಮ್ನೆ ಅಲ್ಲ.

ಆದರೆ ಆ ಇಂಚುಗಳನ್ನು ಎಲ್ಲಿಂದ ತೆಗೆದಿದ್ದಾರೆ? ಇದನ್ನು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಉದ್ದಕ್ಕಿಂತ ಮೊದಲು ಕೇಳಬೇಕಾದದ್ದು ಇದೇ.

ಮೂತಿಯಿಂದ ತೆಗೆದರೆ ಒಂದು ಬಗೆ, ಹಿಂದಿನಿಂದ ತೆಗೆದರೆ ಇನ್ನೊಂದು ಬಗೆ. ಮೂತಿ ಗಿಡ್ಡ ಮತ್ತು ಸಣ್ಣದಾದರೆ ಅದನ್ನು ನೀರೊಳಗೆ ಅದುಮುವುದು ಸುಲಭ. ಎತ್ತುವುದೂ ಸುಲಭ, ಏಕೆಂದರೆ ನಿಮ್ಮ ಮುಂದೆ ಚಾಚಿಕೊಂಡ ಭಾಗವೇ ಕಡಿಮೆ. ಹಿಂದಿನಿಂದ ತೆಗೆದರೆ ನೀರು ಹೊರಚಿಮ್ಮುವ ಪಂಪಿನ ನಾಝಲ್ ಹಲ್‌ನ ತುದಿಗೆ ಹತ್ತಿರವಾಗುತ್ತದೆ. ಸ್ಕೀ ಬಾಲದ ಮೇಲೆ ನೆಟ್ಟಗೆ ಎದ್ದು ನಿಲ್ಲುವುದು ಚುರುಕಾಗುತ್ತದೆ. ಆದರೆ ನೀವು ನಿಲ್ಲುವುದು ಆ ತುದಿಯಲ್ಲೇ, ಅಲ್ವಾ? ಅಲ್ಲಿ ಕಡಿಮೆಯಾಗುವ ಒಂದೊಂದು ಇಂಚೂ ನಿಮ್ಮನ್ನು ನೀರಿನ ಮೇಲೆ ತೇಲಿಸುವ ಜಾಗ.

ಇದನ್ನು ಲೆಕ್ಕ ಹಾಕಿಯೇ ನೋಡೋಣ. ಟ್ರೇ ಕೆಳಗಿನ ಭಾಗದಲ್ಲಿ 20 ಸೆಂಟಿಮೀಟರ್ ಉದ್ದ ಹೋಯಿತು ಅಂದುಕೊಳ್ಳಿ. ಅಗಲ 60 ಸೆಂ.ಮೀ., ನೀರಲ್ಲಿ ಮುಳುಗಿರುತ್ತಿದ್ದ ಆಳ 10 ಸೆಂ.ಮೀ. ಗುಣಿಸಿದರೆ 12 ಲೀಟರ್. ಅಂದರೆ 12 ಕೆಜಿ ಹೊರುವ ಬಲ ಹೋಯಿತು, ಅದೂ ನಿಮ್ಮ ಕಾಲ ಕೆಳಗಿನಿಂದಲೇ. 60 ಕೆಜಿಯ ಹುಡುಗನಿಗೆ ಇದು ಗೊತ್ತೇ ಆಗಲಿಕ್ಕಿಲ್ಲ. 92 ಕೆಜಿಯ ಜೊತೆ ಒದ್ದೆ ಸೂಟು, ಜಾಕೆಟ್, ಶೂ, ಹೆಲ್ಮೆಟ್ ಸೇರಿದರೆ ನೂರರ ಹತ್ತಿರ ಬರುತ್ತೀರಿ. ನಿಮಗೆ ಮೊದಲ ದಿನವೇ ಗೊತ್ತಾಗುತ್ತದೆ.

ಹೇಗೆ ಅಂದರೆ, ನೀರಿಗೆ ಬಿದ್ದು ಮತ್ತೆ ಹತ್ತುವಾಗ. ಹ್ಯಾಂಡಲ್ ಹಿಡಿದು, ಎದೆ ಟ್ರೇ ಅಂಚಿಗೆ ಒತ್ತಿ, ಥ್ರಾಟಲ್ ಕೊಡುತ್ತೀರಿ. ಹಿಂಭಾಗ ಮುಳುಗುತ್ತದೆ, ಮೂತಿ ಆಕಾಶ ನೋಡುತ್ತದೆ. ಸ್ಕೀ ಮುಂದೆ ಹೋಗುವ ಬದಲು ನೀರನ್ನು ಉಳುತ್ತಾ ನಿಲ್ಲುತ್ತದೆ. ಮಂಡಿ ಒಳಗೆ ಎಳೆದುಕೊಳ್ಳುವಷ್ಟರಲ್ಲಿ ತೋಳು ಸೋತಿರುತ್ತದೆ. ಫ್ಲಿಪ್ ಕಲಿಯುವಾಗ ಬೀಳುವುದೇ ಜಾಸ್ತಿ. ಪ್ರತಿ ಸಲವೂ ಹೀಗೆ ಹತ್ತಬೇಕು ಅಂದರೆ, ಅರ್ಧ ಗಂಟೆಯ ಹೊತ್ತಿಗೆ ಕಲಿಯುವ ಶಕ್ತಿಯೇ ಉಳಿಯುವುದಿಲ್ಲ. ಹತ್ತಲು ಸುಲಭವಾದ ಹಲ್‌ನಲ್ಲಿ ಬೇಗ ಕಲಿಯುತ್ತಾರೆ ಅನ್ನಲು ಇಷ್ಟೇ ಕಾರಣ.

ಇನ್ನು ಇಂಜಿನ್. ನಿಮ್ಮ 701 ಸುಮಾರು 73 ಅಶ್ವಶಕ್ತಿ ಕೊಡುತ್ತದೆ. ಅಲೆಯಿಲ್ಲದ ನೀರಲ್ಲಿ ಬ್ಯಾಕ್‌ಫ್ಲಿಪ್ ಹೇಗಾಗುತ್ತದೆ ನೋಡಿ. ನಿಧಾನವಾಗಿ ಬಂದು, ಮೈಭಾರ ಹಾಕಿ ಮೂತಿ ಅದುಮುತ್ತೀರಿ. ಅದು ಪುಟಿದು ಮೇಲೇಳುವ ಹೊತ್ತಿಗೆ ಸರಿಯಾಗಿ ಪೋಲ್ (ಹ್ಯಾಂಡಲ್ ಕೂತಿರುವ ಉದ್ದ ತೋಳು) ಎಳೆದು ಪೂರ್ತಿ ಥ್ರಾಟಲ್ ಕೊಡುತ್ತೀರಿ. ಪಂಪಿನ ಬಾಯಿಗೆ ನೀರು ಸಿಗುವ ಆ ಒಂದು ಕ್ಷಣದಲ್ಲೇ ಸ್ಕೀಯನ್ನೂ ನಿಮ್ಮನ್ನೂ ನೀರಿನಿಂದ ಮೇಲೆತ್ತುವಷ್ಟು ತಳ್ಳು ಸಿಗಬೇಕು. ಆಮೇಲೆ ಪಂಪ್ ಗಾಳಿ ನುಂಗುತ್ತದೆ, ಅಲ್ಲಿಗೆ ಮುಗಿಯಿತು. ಇಲ್ಲಿ ಬೇಕಾದದ್ದು ಟಾಪ್ ಸ್ಪೀಡ್ ಅಲ್ಲ, ಥ್ರಾಟಲ್ ಒತ್ತಿದ ತಕ್ಷಣ ಸಿಗುವ ಎಳೆತ. ಅದಕ್ಕೇ ಈ ಆಟದವರು ಸಿಲಿಂಡರ್ ದೊಡ್ಡದು ಮಾಡಿ, ಸ್ಟ್ರೋಕ್ ಹೆಚ್ಚಿಸಿ, 850 ಸಿಸಿ, 1000 ಸಿಸಿ ಅಂತ ಹೋಗುವುದು. ಕಂಪನಿ 701ರಲ್ಲಿ, 92 ಕೆಜಿ ಹೊತ್ತು, ಅಲೆಯ ಸಹಾಯವಿಲ್ಲದೆ ಫ್ಲಿಪ್ ಆಗುವುದು ತೀರಾ ಕಷ್ಟ. ಹಲ್ ಎಷ್ಟೇ ಗಿಡ್ಡ ಮಾಡಿದರೂ ಆ ಕೊರತೆ ತುಂಬುವುದಿಲ್ಲ. ನಿಮ್ಮ ಹಣ ಒಂದೇ ಕಡೆಗೆ ಸಾಕಾಗುವಷ್ಟಿದ್ದರೆ ಮೊದಲು ಇಂಜಿನ್ ಕಡೆ ನೋಡಿ ಅಂತಲೇ ಹೇಳುತ್ತೇನೆ. ಗೆಳೆಯರು ಒಪ್ಪಲಿಕ್ಕಿಲ್ಲ. ಹೊಸ ಹಲ್ ಕಣ್ಣಿಗೆ ಕಾಣುತ್ತದೆ, ಇಂಜಿನ್ ಹುಡ್ ಕೆಳಗೆ ಅಡಗಿರುತ್ತದೆ.

ಸಮುದ್ರದ ಮಾತೂ ಬರೆದಿದ್ದೀರಿ. ಅಲೆಯ ಮೇಲೆ ಅಲೆಯೇ ನಿಮ್ಮನ್ನು ಎತ್ತಿಕೊಡುತ್ತದೆ, ಆದ್ದರಿಂದ ಇಂಜಿನ್ ಸಾಧಾರಣವಿದ್ದರೂ ನಡೆಯುತ್ತದೆ. ನಿಮ್ಮ ಮೊದಲ ಫ್ಲಿಪ್ ಅಲ್ಲೇ ಆದರೂ ಆಶ್ಚರ್ಯವಿಲ್ಲ. ಆದರೆ ಸಮುದ್ರ ಕೇಳುವ ಹಲ್ ಬೇರೆ. ಎತ್ತರದಿಂದ ಇಳಿಯುವಾಗ ಸಣ್ಣ ಮೂತಿ ನೇರ ನೀರೊಳಗೆ ನುಗ್ಗುತ್ತದೆ, ನೀವು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತೀರಿ. ಮುರಿದ ಅಲೆಯ ನೊರೆ ದಾಟಿ ಹೊರಗೆ ಹೋಗಲೂ ಒಂದಿಷ್ಟು ಉದ್ದ ಬೇಕು. ಫ್ರೀರೈಡ್ ಅಂತ ಮಾರುವ ಹಲ್‌ಗಳು ಕೊಂಚ ಉದ್ದ, ಮೂತಿಯೂ ದಪ್ಪ ಇರುವುದು ಈ ಕಾರಣಕ್ಕೆ. ನೀವು ಎರಡೂ ಕಡೆ ಓಡಿಸುವವರು, ಹಾಗಾಗಿ ನಡುವಿನದೇ ಸರಿ. ಬರೀ ನಿಂತ ನೀರಲ್ಲಿ, ದೊಡ್ಡ ಇಂಜಿನ್‌ನಲ್ಲಿ ಆಡುವ ಹಗುರ ಸವಾರನಿಗಾದರೆ 6 ಅಡಿ 8 ಇಂಚಿನದು ತಗೋ ಅನ್ನಲು ನನಗೆ ಯಾವ ಅಡ್ಡಿಯೂ ಇಲ್ಲ.

ವಿವರಪಟ್ಟಿಯಲ್ಲಿ ಬರೆದ ಉದ್ದ ನೋಡಿ ಮೋಸಹೋಗಬೇಡಿ. ಮುಂದಿನ ಬಂಪರ್ ಸೇರಿಸಿ ಅಳೆಯುವವರೂ ಇದ್ದಾರೆ, ಬಿಟ್ಟು ಅಳೆಯುವವರೂ ಇದ್ದಾರೆ. ಅದಕ್ಕಿಂತ ಮುಖ್ಯವಾದದ್ದು ತಳದ ಬಾಗು, ರಾಕರ್ ಅನ್ನುತ್ತಾರಲ್ಲ, ಅದು. ತಳ ಮುಂದೆ ಹಿಂದೆ ಮೇಲಕ್ಕೆ ಬಾಗಿದ್ದರೆ ಉದ್ದದ ಹಲ್ ಕೂಡ ನೀರನ್ನು ಕಡಿಮೆ ಉದ್ದಕ್ಕೆ ಮುಟ್ಟುತ್ತದೆ. ಚೆನ್ನಾಗಿ ಬಾಗಿದ 7 ಅಡಿ 2 ಇಂಚಿನದು, ಚಪ್ಪಟೆ ತಳದ 6 ಅಡಿ 10 ಇಂಚಿನದಕ್ಕಿಂತ ಚುರುಕಾಗಿ ಮೂತಿ ಎತ್ತಬಲ್ಲದು. ಬಾಗು ಹೆಚ್ಚಾದರೆ ನೇರ ಓಟದಲ್ಲಿ ಸ್ಕೀ ಕುಪ್ಪಳಿಸುತ್ತದೆ. ದೂರ ಓಡಿಸುವ ಅಭ್ಯಾಸ ನಿಮಗಿದ್ದರೆ ಬೆನ್ನಿಗೆ ಅದು ಹಿತವಲ್ಲ. ಸಾಧ್ಯವಾದರೆ ಹಲ್ ಪಕ್ಕದಲ್ಲಿ ಕೂತು, ತಳದ ಕೆಳಗೆ ನೇರ ಪಟ್ಟಿ ಹಿಡಿದು ಬಾಗು ಎಷ್ಟಿದೆ ಅಂತ ಕಣ್ಣಾರೆ ನೋಡಿ.

ಹಾಗೇ ಟ್ರೇಯಲ್ಲಿ ನಿಂತೂ ನೋಡಿ. ನೆಲದ ಮೇಲೆ ಸ್ಟ್ಯಾಂಡಿನಲ್ಲಿದ್ದರೂ ಪರವಾಗಿಲ್ಲ, ಅಲುಗಾಡದಂತೆ ಯಾರಾದರೂ ಹಿಡಿದಿರಲಿ. ಫುಟ್‌ಹೋಲ್ಡ್ ಒಳಗೆ ಕಾಲಿಟ್ಟು, ಪೋಲ್ ಸೊಂಟದ ಮಟ್ಟಕ್ಕೆ ಎತ್ತಿ ಹಿಡಿಯಿರಿ. ಮೊಣಕೈ ಸ್ವಲ್ಪ ಮಡಚಿರಬೇಕು. ಹ್ಯಾಂಡಲ್ ಹೊಟ್ಟೆಗೆ ತಾಗುತ್ತಿದ್ದರೆ ಟ್ರೇ ನಿಮಗೆ ಗಿಡ್ಡವಾಯಿತು. ಪೋಲ್ ಬದಲಿಸಿ ಒಂದೆರಡು ಇಂಚು ಹೊಂದಿಸಿಕೊಳ್ಳಬಹುದು. ಅದಕ್ಕಿಂತ ಜಾಸ್ತಿ ಅಂದರೆ ಆ ಹಲ್ ನಿಮ್ಮದಲ್ಲ.

ಕತ್ತರಿಸುವ ವಿಚಾರಕ್ಕೆ ಬಂದರೆ, ಸೂಪರ್‌ಜೆಟ್ ಕತ್ತರಿಸಿ ಗಿಡ್ಡ ಮಾಡಿಕೊಂಡವರು ಬೇಕಾದಷ್ಟು ಜನ ಇದ್ದಾರೆ. ಕಂಪನಿ ಹಲ್ ಅಚ್ಚಿನಲ್ಲಿ ಒತ್ತಿ ಮಾಡಿದ ಎಸ್‌ಎಂಸಿ ಅನ್ನುವ ವಸ್ತುವಿನದು. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್ ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ, ಚೆನ್ನಾಗಿ ಉಜ್ಜಿ ಎಪಾಕ್ಸಿ ಬಳಸಬೇಕು. ಗಾಜಿನ ಬಟ್ಟೆ ಪದರ ಹಾಕುವುದು ಕೈಗೆ ಕೂತಿಲ್ಲದಿದ್ದರೆ ಕೈ ಹಾಕಬೇಡಿ. ಇಂಜಿನ್ ಕೋಣೆಗೆ ನೀರು ಬರುವ ಬಿರುಕು ಒಂದೇ ಸಾಕು. ಮೂತಿ ಕತ್ತರಿಸಿದರೂ, ಹಿಂಭಾಗ ಕತ್ತರಿಸಿದರೂ, ಇಂಜಿನ್ ಮತ್ತು ಪಂಪ್ ಇದ್ದಲ್ಲೇ ಇರುತ್ತವೆ. ಮೊದಲಿಂದಲೇ ಫ್ರೀಸ್ಟೈಲ್‌ಗೆ ಅಂತ ಮಾಡಿದ ಹಲ್‌ನಲ್ಲಿ ತೂಕವನ್ನೂ ಸರಿಸಿ ಕೂರಿಸಿರುತ್ತಾರೆ, ಹಲ್ ಹಗುರವೂ ಇರುತ್ತದೆ.

ಇನ್ನೊಂದು ವಿಷಯ. ನಿಮ್ಮ ಸ್ಕೀಯ ಒಣ ತೂಕ ಎಷ್ಟಿರಬೇಕು ಅಂತ ಕಂಪನಿಯ ವಿವರಪಟ್ಟಿಯಲ್ಲಿ ನೋಡಿಕೊಳ್ಳಿ. ಪೆಟ್ರೋಲ್ ಖಾಲಿ ಮಾಡಿ ಒಮ್ಮೆ ತೂಗಿಸಿ. ಹಳೆಯ ಸೂಪರ್‌ಜೆಟ್‌ಗಳಲ್ಲಿ ಟ್ರೇ ಕೆಳಗಿನ ಫೋಮ್ ನೀರು ಕುಡಿದು ಭಾರವಾಗಿರುತ್ತದೆ. ಅದಕ್ಕಿಂತ ಹತ್ತು ಹದಿನೈದು ಕೆಜಿ ಹೆಚ್ಚು ಬಂದರೆ ಹಿಂಭಾಗ ಮುಳುಗುವುದಕ್ಕೆ ಕಾರಣ ಸಿಕ್ಕಿತು ಅಂತ ತಿಳಿಯಿರಿ. ಆ ಫೋಮ್ ತೆಗೆದು ಹೊಸದು ತುಂಬಿದರೆ ಈಗಿರುವ ಸ್ಕೀಯೇ ಬೇರೆ ಥರ ಓಡುತ್ತದೆ, ಹೊಸ ಹಲ್‌ಗೆ ಹಣ ಕೂಡಿಸುವವರೆಗೆ ಅಭ್ಯಾಸಕ್ಕೆ ಸಾಕು. ತೂಕ ಎಷ್ಟು ಬಂತು, ನಿಮ್ಮ ಎತ್ತರ ಎಷ್ಟು ಅಂತ ಬರೆದು ಕಳಿಸಿ. ಪೋಲ್ ಎಷ್ಟು ಉದ್ದ ಇರಬೇಕು ಅನ್ನುವುದನ್ನು ಅದರ ಮೇಲೆ ಹೇಳಬಹುದು.

— ಸಂಪಾದಕ