ಒಂದು ದಿನದ ರಸ್ತೆ ತಡೆ ಚಳವಳಿ ಆಗುತ್ತದಾ?

ಪ್ರಶ್ನೆ: ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೇನೆ. ಕಳೆದ ತಿಂಗಳು ನಮ್ಮ ಓಣಿಯವರು ಕುಡಿಯುವ ನೀರಿಗಾಗಿ ಖಾಲಿ ಕೊಡ ಇಟ್ಟು ರಸ್ತೆ ತಡೆದರು. ಸಂಜೆ ಟ್ಯಾಂಕರ್ ಬಂತು, ಎಲ್ಲರೂ ಮನೆಗೆ ಹೋದರು. ಇದನ್ನು ಸಾಮಾಜಿಕ ಚಳವಳಿ ಅನ್ನಬಹುದಾ? ಪುಸ್ತಕದಲ್ಲಿರುವ ಲಕ್ಷಣಗಳು ಬಾಯಿಪಾಠ ಆಗಿವೆ, ಅರ್ಥ ಆಗಿಲ್ಲ.
– ವಿದ್ಯಾರ್ಥಿನಿ, ಗದಗ

ಉತ್ತರ: ತಂಗೀ, ಅದು ಪ್ರತಿಭಟನೆ. ನ್ಯಾಯವಾದ ಪ್ರತಿಭಟನೆಯೇ. ಚಳವಳಿ ಇನ್ನೂ ಆಗಿಲ್ಲ. ಮೂವತ್ತು ವರ್ಷ ಇದೇ ಪಾಠ ಮಾಡಿದವಳು ನಾನು. ಲಕ್ಷಣಗಳ ಪಟ್ಟಿಯಿಂದ ಶುರು ಮಾಡಿದಾಗೆಲ್ಲ ಮಕ್ಕಳು ನಿನ್ನ ಹಾಗೇ ಬಾಯಿಪಾಠ ಮಾಡುತ್ತಿದ್ದರು. ಅದಕ್ಕೇ ಆಮೇಲೆ, ಮರ ತಬ್ಬಿ ಕಾಡು ಉಳಿಸಲು ಹೊರಟ ಅಪ್ಪಿಕೋ ಚಳವಳಿಯಿಂದಲೇ ಶುರು ಮಾಡತೊಡಗಿದೆ.

1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಹೋಗಿ ಕೊಡಲಿ ಬೀಳದಂತೆ ಮರಗಳನ್ನು ತಬ್ಬಿ ನಿಂತರು. ಹತ್ತು ವರ್ಷ ಮೊದಲು ಹಿಮಾಲಯದ ಚಮೋಲಿ ಜಿಲ್ಲೆಯಲ್ಲಿ ಇಂಥದೇ ಮರ ತಬ್ಬುವ ಚಿಪ್ಕೋ ಚಳವಳಿ ಶುರುವಾಗಿತ್ತು. ದಾರಿ ತೋರಿಸಿದ್ದು ಅದು. ಕಷ್ಟ ಮಾತ್ರ ನಮ್ಮದೇ: ಕಾಡು ಬೋಳಾದ ಹಾಗೆ ಅಡಿಕೆ ತೋಟಕ್ಕೆ ಸೊಪ್ಪಿಲ್ಲ, ಹಳ್ಳದಲ್ಲಿ ನೀರಿಲ್ಲ. 38 ದಿನ ಜನ ಪಟ್ಟು ಬಿಡಲಿಲ್ಲ. ಕೊನೆಗೆ ಸರ್ಕಾರ ಮರ ಕಡಿಯುವುದನ್ನು ನಿಲ್ಲಿಸಿತು.

ನಿನ್ನ ಪುಸ್ತಕದ ‘ನಿರಂತರತೆ’ ಅಂದರೆ ಈ 38 ದಿನ. ಸಿಟ್ಟು ಬಂದರೆ ಮೊದಲನೇ ದಿನ ಯಾರು ಬೇಕಾದರೂ ಬರುತ್ತಾರೆ. ಇಪ್ಪತ್ತನೇ ದಿನವೂ ಬರಬೇಕಾದರೆ ಏರ್ಪಾಡು ಬೇಕು. ಅಪ್ಪಿಕೋ ನಮ್ಮೂರ ಕಡೆ ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ದೊಡ್ಡಮ್ಮ ಕಾಡಿಗೆ ಹೋದ ದಿನ ಪಕ್ಕದ ಮನೆಯವರು ಬಂದು ನಮ್ಮ ಎಮ್ಮೆ ಕರೆಯುತ್ತಿದ್ದರು. ಅವರು ಹೋದ ದಿನ ದೊಡ್ಡಮ್ಮ ಅವರ ಕೊಟ್ಟಿಗೆಗೆ. ಯಾರ ಪಾಳಿ ಯಾವತ್ತು ಅಂತ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲ್ ಗುರುತು ಇರುತ್ತಿತ್ತು. ಅಧ್ಯಕ್ಷರಿಲ್ಲ, ರಸೀದಿ ಪುಸ್ತಕ ಇಲ್ಲ. ಇದೂ ಸಂಘಟನೆಯೇ. ಪಾಂಡುರಂಗ ಹೆಗಡೆಯವರಂಥ ಮುಂದಾಳುಗಳು ಊರೂರು ತಿರುಗಿ ಜನರನ್ನು ಸೇರಿಸಿದರು, ನಾಯಕತ್ವ ಅಂದರೆ ಅದು.

ಇನ್ನೊಂದು ಲಕ್ಷಣ, ‘ನಾವು’ ಎಂಬ ಭಾವನೆ. ಒಂದು ದಿನ ನಾನೂ ಹೋಗಿದ್ದೆ. ಮಳೆಗೆ ನೆನೆದ ಪಾಚಿ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು, ಮೊಣಕೈ ಮೇಲೆ ಇರುವೆ ಹರಿಯುತ್ತಿತ್ತು. ಎಷ್ಟು ಚಾಚಿದರೂ ನನ್ನ ಎರಡು ಕೈ ಕೂಡಲಿಲ್ಲ, ಅಷ್ಟು ದಪ್ಪ ಮರ. ಆಚೆ ಬದಿಯಿಂದ ಒಂದು ಒರಟು ಕೈ ಬಂದು ನನ್ನ ಬೆರಳು ಹಿಡಿಯಿತು. ನೋಡಿದರೆ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಹೆಂಗಸು. ಅಷ್ಟು ವರ್ಷ ಅವರು ಅಂಗಳ ದಾಟಿ ಒಳಗೆ ಬಂದಿರಲಿಲ್ಲ. ಅವರ ಕೈ ನಾನು ಮುಟ್ಟಿದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಮುಂದೆ ಬೋರ್ಡಿನ ಮೇಲೆ ‘ಸಾಮೂಹಿಕ ಅಸ್ಮಿತೆ’ ಅಂತ ಬರೆಯುವಾಗೆಲ್ಲ ಆ ಕೈ ನೆನಪಾಗುತ್ತಿತ್ತು. ಅವತ್ತಿಗೆ ಜಾತಿ ಹೋಯಿತು ಅಂತ ಮಾತ್ರ ತಿಳಿಯಬೇಡ. ಹೋಗಲಿಲ್ಲ.

ಕೊಡಲಿ ನಿಂತ ಮೇಲೂ ಅಪ್ಪಿಕೋದವರು ಸುಮ್ನೆ ಕೂರಲಿಲ್ಲ. ‘ಉಳಿಸು, ಬೆಳೆಸು, ಬಳಸು’ ಅಂದರು. ಸಸಿ ಬೆಳೆಸಿದರು, ಸೌದೆ ಕಡಿಮೆ ಸುಡುವ ಒಲೆಗಳನ್ನು ಹಳ್ಳಿಗಳಿಗೆ ತಂದರು. ಕಾಡು ಅಂದರೆ ಬರೀ ನಾಟಾ ಅಲ್ಲ ಅನ್ನೋದು ಅವರ ಹಟ. ಬದಲಾವಣೆಯ ಗುರಿ, ವಿಚಾರಧಾರೆ ಎರಡೂ ಇಲ್ಲೇ ಇವೆ. ಸಮಾಜಶಾಸ್ತ್ರಜ್ಞ ಎಂ.ಎಸ್.ಎ. ರಾವ್ ಚಳವಳಿಗಳನ್ನು ಸುಧಾರಣೆ, ಪರಿವರ್ತನೆ, ಕ್ರಾಂತಿ ಅಂತ ಮೂರು ಬಗೆ ಮಾಡಿದ್ದಾರೆ. ಬೇಕಾದ ಬದಲಾವಣೆ ಎಷ್ಟು ಆಳದ್ದು ಅನ್ನೋದರ ಮೇಲೆ ಆ ವಿಂಗಡಣೆ. ಪರೀಕ್ಷೆಗೆ ಅಷ್ಟು ಸಾಕು.

ಈಗ ನಿಮ್ಮ ಓಣಿಗೆ ಬಾ. ಅವತ್ತು ಕೇಳಿದ್ದು ನೀರು, ಸಿಕ್ಕಿದ್ದು ಒಂದು ಟ್ಯಾಂಕರ್. ನಮ್ಮ ಓಣಿಗೇ ಯಾಕೆ ನೀರು ಬರಲ್ಲ, ನೀರು ಹಂಚುವ ಪದ್ಧತಿಯೇ ಬದಲಾಗಬೇಕಲ್ವಾ ಅಂತ ಕೇಳಿಕೊಂಡು ಅದೇ ಜನ ಮತ್ತೆ ಮತ್ತೆ ಸೇರಿದರೆ, ಪಕ್ಕದ ಓಣಿಯವರೂ ಬಂದರೆ, ಆಗ ಚಳವಳಿಯ ಮೊಳಕೆ ಕಂಡಿತು ಅನ್ನಬಹುದು. ಆಮೇಲೆ ಸೇರಿದ್ದಾರಾ ವಿಚಾರಿಸು. ಸೇರಿದ್ದರೆ ನೋಟ್‌ಬುಕ್ ತಗೊಂಡು ಹೋಗು. ಯಾರ ಮನೆ ಕಟ್ಟೆಯ ಮೇಲೆ ಕೂರುತ್ತಾರೆ, ಯಾರು ಮಾತಾಡುತ್ತಾರೆ, ಅಷ್ಟು ಹೊತ್ತು ಅವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಬರೆದುಕೋ. ಬರೆದದ್ದನ್ನು ನನಗೂ ಕಳಿಸು.