ದೇಶ ಬಿಟ್ಟ ರಾಣಿಯರ ಒಡವೆ ಎಲ್ಲಿಗೆ ಹೋಯಿತು?

ಪ್ರಶ್ನೆ: ಮಹಾಯುದ್ಧಗಳ ಕಾಲದಲ್ಲಿ ದೇಶ ಬಿಟ್ಟು ಓಡಿದ ಯುರೋಪಿನ ರಾಜಮನೆತನಗಳ ಒಡವೆಗಳು ಏನಾದವು? ಮಾರಿಕೊಂಡರೇ, ಕಳವಾದವೇ, ಇನ್ನೂ ಎಲ್ಲಾದರೂ ಇವೆಯೇ?

ಉತ್ತರ: ಮೂರೂ ಆಗಿದೆ. ಕೊನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅದು ನನ್ನನ್ನೇ ಬೆರಗಾಗಿಸಿತು. ಆಸ್ಟ್ರಿಯಾ-ಹಂಗೇರಿಯನ್ನು ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ‘ಫ್ಲೊರೆಂಟೈನ್’ ಸುಮಾರು 137 ಕ್ಯಾರೆಟ್ಟಿನ ಹಳದಿ ವಜ್ರ. 1918ರ ನವೆಂಬರಿನಲ್ಲಿ ಸಾಮ್ರಾಜ್ಯ ಕುಸಿಯುವಾಗ ಅದನ್ನು ವಿಯೆನ್ನಾದ ಖಜಾನೆಯಿಂದ ಸ್ವಿಟ್ಜರ್ಲೆಂಡಿಗೆ ಸಾಗಿಸಿದರು. ಆಮೇಲೆ ಸುಳಿವೇ ಇಲ್ಲ. ಯಾರೋ ಕದ್ದು ತುಂಡು ಮಾಡಿ ಮಾರಿರಬೇಕು ಎಂದೇ ಬಹಳ ಮಂದಿ ನಂಬಿದ್ದರು. 2025ರ ನವೆಂಬರಿನಲ್ಲಿ ಮನೆಯವರೇ ಬಾಯಿಬಿಟ್ಟರು: ಅದು ಕೆನಡಾದ ಬ್ಯಾಂಕೊಂದರಲ್ಲಿ ಭದ್ರವಾಗಿದೆ!

1940ರಲ್ಲಿ ಜರ್ಮನ್ ಸೈನ್ಯ ಬೆಲ್ಜಿಯಂಗೆ ನುಗ್ಗಿದಾಗ, ಅಲ್ಲಿದ್ದ ಈ ಮನೆತನದ ಮಾಜಿ ಸಾಮ್ರಾಜ್ಞಿ ಜೀಟಾ ಮಕ್ಕಳನ್ನು ಕಟ್ಟಿಕೊಂಡು ಓಡಿ, ಕಡೆಗೆ ಕೆನಡಾದ ಕ್ವಿಬೆಕ್ ಸೇರಿದಳು. ಒಡವೆಗಳಿದ್ದದ್ದು ಒಂದು ಪುಟ್ಟ ರಟ್ಟಿನ ಸೂಟ್‌ಕೇಸಿನಲ್ಲಿ. ಅಲ್ಲಿ ಕೈಯಲ್ಲಿ ಕಾಸಿಲ್ಲದೆ, ಡ್ಯಾಂಡಿಲಿಯನ್ ಎಂಬ ಕಾಡುಗಿಡದ ಎಲೆ ಕಿತ್ತು ಅಡುಗೆ ಮಾಡಿದ ದಿನಗಳೂ ಇದ್ದವು. ಆದರೂ ವಜ್ರ ಹೊರಗೆ ಬರಲಿಲ್ಲ. ಗಂಡ ಕಾರ್ಲ್ ತೀರಿಕೊಂಡದ್ದು 1922ರಲ್ಲಿ. ಅಲ್ಲಿಂದ ನೂರು ವರ್ಷ ಗುಟ್ಟು ರಟ್ಟಾಗಬಾರದು ಎಂದು ಮಕ್ಕಳಿಗೆ ಹೇಳಿದ್ದಳಂತೆ.

ಹೆಸರಾಂತ ಹರಳಿನ ಕಷ್ಟವೂ ಇದೇ. ಇಡಿಯಾಗಿ ಮಾರಿದರೆ ಎಲ್ಲರಿಗೂ ಗುರುತು ಸಿಗುತ್ತದೆ, ಕತ್ತರಿಸಿದರೆ ಬೆಲೆಯೇ ಬಿದ್ದುಹೋಗುತ್ತದೆ.

ಹೊಟ್ಟೆಪಾಡಿಗೆ ಒದಗಿದ್ದು ಉಳಿದ ಒಡವೆಗಳು. ರಷ್ಯಾದ ದೊರೆ ತ್ಸಾರನ ಚಿಕ್ಕಮ್ಮ ಮರಿಯಾ ಪಾವ್ಲೊವ್ನಾಳ ಒಡವೆಗಳನ್ನು, ಕ್ರಾಂತಿಯ ವರ್ಷವಾದ 1917ರಲ್ಲಿ ಬ್ರಿಟಿಷ್ ಸ್ನೇಹಿತ ಆಲ್ಬರ್ಟ್ ಸ್ಟಾಪ್‌ಫರ್ಡ್, ಕೂಲಿಯವನ ವೇಷದಲ್ಲಿ ಅರಮನೆ ಹೊಕ್ಕು, ಚೀಲಕ್ಕೆ ತುಂಬಿ ಲಂಡನ್ನಿಗೆ ಒಯ್ದ. ಅವುಗಳಲ್ಲೊಂದು ಕಿರೀಟವನ್ನು 1921ರಲ್ಲಿ ಆಕೆಯ ಮಗಳು ಬ್ರಿಟನ್ನಿನ ರಾಣಿ ಮೇರಿಗೆ ಮಾರಿದಳು. ಎರಡನೆಯ ಎಲಿಜಬೆತ್ ಮತ್ತೆ ಮತ್ತೆ ತೊಟ್ಟದ್ದು ಅದನ್ನೇ.

ತ್ಸಾರನ ಹೆಣ್ಣುಮಕ್ಕಳಿಗೆ ಆ ಭಾಗ್ಯವೂ ಇರಲಿಲ್ಲ. ಕ್ರಾಂತಿಕಾರಿಗಳ ಸೆರೆಯಲ್ಲಿದ್ದಾಗ ತಾಯಿ ಪತ್ರದಲ್ಲಿ ಒಡವೆಗೆ ‘ಔಷಧಿ’ ಎಂಬ ಗುಟ್ಟಿನ ಹೆಸರು ಬಳಸುತ್ತಿದ್ದಳು. ಹುಡುಗಿಯರು ವಜ್ರಗಳನ್ನು ಒಳಕುಪ್ಪಸದೊಳಗೆ ಒತ್ತೊತ್ತಾಗಿ ಇಟ್ಟು ಹೊಲಿದುಕೊಂಡರು. 1918ರ ಜುಲೈನಲ್ಲಿ ಅವರನ್ನು ಕೊಲ್ಲಲು ಹಾರಿಸಿದ ಗುಂಡುಗಳು ಅದಕ್ಕೇ ತಾಗಿ ಚಿಮ್ಮಿ, ಸಾವು ಇನ್ನಷ್ಟು ನಿಧಾನವಾಯಿತು. ಇದನ್ನು ಬರೆಯುವಾಗ ಇವತ್ತಿಗೂ ಕೈ ತಡೆಯುತ್ತದೆ.

ಇನ್ನು, ನಂಬಿ ಬೇರೆಯವರ ಕೈಗೆ ಕೊಟ್ಟವರ ಪಾಡು. ರೊಮೇನಿಯದ ರಾಣಿ ಮೇರಿಯ ಒಡವೆಗಳು 1916ರ ಡಿಸೆಂಬರಿನಲ್ಲಿ ದೇಶದ ಚಿನ್ನದ ಜೊತೆ ಮಿತ್ರರಾಷ್ಟ್ರ ರಷ್ಯಾಕ್ಕೆ, ಮಾಸ್ಕೊಗೆ ಹೋದವು. ವರ್ಷ ಕಳೆಯುವಷ್ಟರಲ್ಲಿ ಅಲ್ಲಿ ಕ್ರಾಂತಿಯಾಯಿತು. 1935 ಮತ್ತು 1956ರಲ್ಲಿ ಒಂದಿಷ್ಟು ದಾಖಲೆ, ಕಲಾವಸ್ತುಗಳು ವಾಪಸಾದವು. ರಾಣಿಯ ಒಡವೆ ಬರಲಿಲ್ಲ.